ಕಾಶಿಗೆ ಎಷ್ಟು ದೂರ?

ಕಾಶೀಯಾತ್ರೆಗೆ ಹೊರಟವರನ್ನು ಮರಳಿ ಕಾಣುವೆವೋ ಇಲ್ಲವೋ ಎಂಬ ಸಂದೇಹದಿಂದ ಊರ ಗಡಿಯವರೆಗೆ ಹೋಗಿ ಬೀಳ್ಕೊಡುತ್ತಿದ್ದ ಕಾಲವೊಂದಿತ್ತು. ಇಂದಾದರೋ ಬೆಂಗಳೂರಿನಿಂದ ನೇರವಾಗಿ ಹೋಗುವ ವಿಮಾನವು ಸುಮಾರು ಎರಡೂವರೆ ಗಂಟೆಗಳಲ್ಲಿ ಕಾಶಿಯನ್ನು ಮುಟ್ಟುವುದು. ಈ ಸಂಖ್ಯೆಯೊಂದನ್ನೇ ನಂಬಿ ನಾವು ಮಾಡಿದ ಪ್ರಮಾದವನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ತೋರಿದೆ.

ಮೊದಲು ದೂರವನ್ನು ಗಣಿಸೋಣ. ದೇವನಹಳ್ಳಿಯ ಬಳಿ 2008ರಲ್ಲಿ ತೆರೆದ, ಈಗ ಕೆಂಪೇಗೌಡರ ಹೆಸರನ್ನು ಧರಿಸಿರುವ ನಿಲ್ದಾಣದಿಂದ, ಕಾಶಿಯ ಬಳಿ ಬಾಬತ್‌ಪುರದಲ್ಲಿರುವ ಲಾಲ್ ಬಹಾದ್ದೂರ್ ಶಾಸ್ತ್ರಿ ನಿಲ್ದಾಣವು ಉತ್ತರಕ್ಕೆ ಹನ್ನೆರಡೂಕಾಲು ಅಂಶ, ಪೂರ್ವಕ್ಕೆ ಐದು ಅಂಶಗಳಿಗಿಂತ ತುಸು ಹೆಚ್ಚು ದೂರದಲ್ಲಿದೆ. ಅಕ್ಷಾಂಶದ ಒಂದು ಅಂಶಕ್ಕೆ ಸುಮಾರು 111 ಕಿಲೋಮೀಟರುಗಳಾದುದರಿಂದ ಉತ್ತರಕ್ಕೆ 1,360 ಆಯಿತು. ರೇಖಾಂಶಗಳು ಧ್ರುವಗಳತ್ತ ಸಂಕುಚಿತವಾಗುವುದರಿಂದ ಈ ಪ್ರದೇಶದಲ್ಲಿ ಅಂಶವೊಂದಕ್ಕೆ 105ರಂತೆ ಪೂರ್ವಕ್ಕೆ 540 ಆಯಿತು. ಆಯತದ ಕರ್ಣದ ವರ್ಗವು ಅದರ ಎರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮವೆಂಬುದನ್ನು ಬೌಧಾಯನ ಶುಲ್ಬಸೂತ್ರವೇ ಹೇಳಿದೆಯಷ್ಟೆ. ಅದರಂತೆ ಆಕಾಶಮಾರ್ಗದ ದೂರವು ಸುಮಾರು 1,465 ಕಿಲೋಮೀಟರುಗಳು.

ಗಂಟೆಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಇದು ಎರಡು ಗಂಟೆಗಳ ಹಾದಿಯೂ ಅಲ್ಲ. ಆದರೆ ವಿಮಾನವು ನೆಲದಮೇಲೆ ಉರುಳಿ ಓಡುದಾರಿಯನ್ನು ಸೇರಬೇಕು, ಮೆಲ್ಲಗೆ ಮೇಲೇರಬೇಕು, ಮೆಲ್ಲಗೆ ಇಳಿಯಬೇಕು. ಆಕಾಶದಲ್ಲಿಯೂ ಅದಕ್ಕೆ ವಿಧಿಸಿದ ಮಾರ್ಗಗಳುಂಟು. ಆದಕಾರಣ ವೇಳಾಪಟ್ಟಿಯಲ್ಲಿ ಎರಡೂವರೆ ಗಂಟೆಗಳೆಂದಿರುವುದು ನ್ಯಾಯವಾಗಿಯೇ ಇದೆ. ದೋಷವಿದ್ದುದು ನಮ್ಮ ಗಣಿತದಲ್ಲಿ.

ಎಂಬತ್ತನಾಲ್ಕು ವರ್ಷದ ನಮ್ಮ ಮಾತೃಶ್ರೀಯವರು ಗಂಗಾಸ್ನಾನವಾಗುವವರೆಗೆ ತೊಟ್ಟು ನೀರನ್ನೂ ಮುಟ್ಟೆನೆಂದು ಸಂಕಲ್ಪಿಸಿದ್ದರು. "ಎರಡೂವರೆ ಗಂಟೆ ಮಾತ್ರ, ಅಮ್ಮಾ" ಎಂದು ನಾವೂ ಒಪ್ಪಿದೆವು. ಪ್ರಾತಃಕಾಲ ಐದಕ್ಕೆ ಮನೆಯನ್ನು ಬಿಟ್ಟೆವು. ನಿಲ್ದಾಣಕ್ಕೆ ನಲವತ್ತು ಕಿಲೋಮೀಟರು. ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಎಂಟೂವರೆಗೆ ಹಾರಿದ ವಿಮಾನವು ಹನ್ನೊಂದಕ್ಕೆ ಇಳಿಯಿತು. ಪೆಟ್ಟಿಗೆಗಳಿಗಾಗಿ ಅರ್ಧ ಗಂಟೆ ಕಾದು, ಇಪ್ಪತ್ತೈದು ಕಿಲೋಮೀಟರುಗಳ ಜನನಿಬಿಡವಾದ ರಸ್ತೆಯನ್ನು ದಾಟಿ, ವಾಹನವು ಹೊಗದ ಓಣಿಗಳಲ್ಲಿ ಅವರನ್ನು ಮೆಲ್ಲಗೆ ನಡೆಸಿಕೊಂಡು ಗಂಗಾತೀರವನ್ನು ಸೇರುವಾಗ ಎರಡು ಗಂಟೆ ಹೊಡೆದಿತ್ತು. ಮನೆಯ ಹೊಸ್ತಿಲಿನಿಂದ ಒಂಬತ್ತು ಗಂಟೆಗಳು!

ಸೋಪಾನಗಳನ್ನಿಳಿಯುವಾಗ ಮಾತೃಶ್ರೀಯವರಿಗೆ ಕಣ್ಣು ಕತ್ತಲೆಗಟ್ಟಿತು. ಅಂಬಿಗನೊಬ್ಬನು ಓಡಿಬಂದು ಹಿಡಿಯದಿದ್ದರೆ ಏನಾಗುತ್ತಿದ್ದಿತೋ, ನೆನೆದರೆ ಈಗಲೂ ಮೈ ನಡುಗುವುದು. ಅಲ್ಲಿಯೇ ಕುಳ್ಳಿರಿಸಿ ತಲೆಗೆ ಗಂಗೋದಕವನ್ನು ಪ್ರೋಕ್ಷಿಸಿ, ಅದೇ ಸ್ನಾನವಾಯಿತೆಂದು ಬೇಡಿಕೊಂಡು ಹಾಲು ಕುಡಿಸಿದೆವು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು, "ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಲ್ಲವೇನೋ ನೀನು? ಇಷ್ಟು ಲೆಕ್ಕ ಬರಲಿಲ್ಲವೇ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ವೃದ್ಧರೊಡನೆ ಹೊರಡುವ ಗೃಹಸ್ಥರು ಮನೆಯಿಂದ ನಿಲ್ದಾಣ, ಅಲ್ಲಿನ ಕಾಯುವಿಕೆ, ಹಾರಾಟ, ಪೆಟ್ಟಿಗೆ, ಮುಂದಿನ ಹಾದಿ—ಈ ಐದನ್ನೂ ಕಾಗದದಮೇಲೆ ಬರೆದು ಕೂಡಿಸತಕ್ಕದ್ದು. ಗಾಲಿಕುರ್ಚಿಯನ್ನು ಮೊದಲೇ ಕೇಳಿಕೊಳ್ಳತಕ್ಕದ್ದು. ಔಷಧವನ್ನೂ ಆಹಾರವನ್ನೂ ಕೈಚೀಲದಲ್ಲಿಯೇ ಇಡತಕ್ಕದ್ದು.

ಹಿಂದಿರುಗುವ ದಿನ ಮಾತೃಶ್ರೀಯವರು ನಮ್ಮನ್ನು ಏನೂ ಕೇಳಲಿಲ್ಲ. ಅವಲಕ್ಕಿಯ ಡಬ್ಬಿಯನ್ನು ತಾವೇ ತುಂಬಿಕೊಂಡು ಮಡಿಲಲ್ಲಿಟ್ಟುಕೊಂಡರು.