ಕೂಗಳತೆಯ ಕೀಲಿಕೈ

ಕಳೆದ ಮಳೆಗಾಲದ ಒಂದು ನಡುರಾತ್ರಿ, ನಮ್ಮ ಕಾರಿಗೆ ಪ್ರತ್ಯೇಕವಾಗಿ ಜೋಡಿಸಿದ್ದ ಅಪಾಯಘಂಟೆಯು ತಾನಾಗಿಯೇ ಕೂಗತೊಡಗಿತು. ಮಹಡಿಯ ಕಿಟಕಿಯಿಂದ ರಿಮೋಟಿನ ಗುಂಡಿಯನ್ನು ಎಷ್ಟು ಒತ್ತಿದರೂ ಅಡಗಲಿಲ್ಲ. ನೆರೆಮನೆಯಲ್ಲಿ ಜ್ವರದಿಂದ ಮಲಗಿದ್ದ ಕೂಸು ಬೆಚ್ಚಿ ಅಳಹತ್ತಿತು. ಮಳೆಯಲ್ಲಿಯೇ ಇಳಿದು ಹೋಗಿ ಅದನ್ನು ನಿಲ್ಲಿಸಿದೆನು. ಇಂತಹ ಅವಸ್ಥೆಯು ವಾಚಕ ಮಹಾಶಯರಿಗೆ ಬಾರದಿರಲೆಂದು ಈ ನಾಲ್ಕು ಮಾತುಗಳು.

ರಿಮೋಟೆಂಬುದು ಅಲ್ಪಶಕ್ತಿಯ ರೇಡಿಯೋ ಪ್ರೇಷಕವು. ಅದರ ಜೀವಾಳ 3 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಕುಗ್ಗಿದರೆ ಕೂಗಳತೆಯೂ ಕುಗ್ಗುವುದು. ಆದುದರಿಂದ ಮೊದಲು ಅದನ್ನು ಬದಲಾಯಿಸತಕ್ಕದ್ದು. ಹಳೆಯದನ್ನು ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು, ನುಂಗಿದರೆ ಪ್ರಾಣಾಪಾಯ.

ಎರಡನೆಯದು, ಕಾರಿನೊಳಗಿನ ಗ್ರಾಹಕಯಂತ್ರದ ತಂತಿ. 433 ಮೆಗಾಹರ್ಟ್ಸ್ ಕಂಪನದ ರಿಮೋಟಿಗೆ ತರಂಗದ ಕಾಲುಭಾಗ, ಎಂದರೆ ಸುಮಾರು 17 ಸೆಂಟಿಮೀಟರು ಉದ್ದದ ತಂತಿಯು ತಕ್ಕುದು. ಅದು ಲೋಹಕ್ಕೆ ತಾಗದೆ ನೆಟ್ಟಗಿರಬೇಕು. ನಮ್ಮ ಕಾರಿನಲ್ಲಿ ಅದನ್ನು ಸುರುಳಿ ಸುತ್ತಿ ಲೋಹದ ಪಟ್ಟಿಯ ಹಿಂದೆ ತುರುಕಿದ್ದರು! ಮಿಸ್ತ್ರಿಯಿಂದ ಅದನ್ನು ಬಿಡಿಸಿ ನೆಟ್ಟಗೆ ಕಟ್ಟಿಸಿದ ಮೇಲೆ ಮಹಡಿಯ ಕರೆಗೆ ಘಂಟೆಯು ಓಗೊಡುತ್ತಿದೆ.

ಮೂರನೆಯದು, ರಿಮೋಟನ್ನು ಎತ್ತರದಲ್ಲಿ ಹಿಡಿಯುವುದು. ಗಲ್ಲದ ಕೆಳಗೆ ತಾಗಿಸಿ ಒತ್ತಿದರೆ, ತಲೆಯೊಳಗಿನ ಜಲಾಂಶವು ತರಂಗಕ್ಕೆ ಒತ್ತಾಸೆಯಾಗಿ ಕೆಲವು ಹೆಜ್ಜೆ ದೂರ ಹೆಚ್ಚುವುದುಂಟು.

ಆದರೆ ದೂರ ಹೆಚ್ಚಿತೆಂದು ಎಚ್ಚರ ತಪ್ಪಬಾರದು. ಗುಂಡಿಯೊತ್ತುವ ಕ್ಷಣದಲ್ಲಿ ಬೇರೊಂದು ತರಂಗವನ್ನು ಬಿಟ್ಟು ಸಂಕೇತವನ್ನು ಕೆಡಿಸುವ ಕಳ್ಳರೂ ಉಂಟು. ಘಂಟೆಯನ್ನು ದೂರದಿಂದ ಅಡಗಿಸಬಹುದು. ಬೀಗವನ್ನು ಮಾತ್ರ ಹತ್ತಿರ ನಿಂತು ಹಾಕಿ, ಬಾಗಿಲನ್ನು ಕೈಯಾರೆ ಎಳೆದು ನೋಡುವುದೇ ಲೇಸು.