ಅನುಮಂದ್ರದ ತಂತಿಗೊಂದು ಸಬ್‌ವೂಫರ್

ಸಬ್‌ವೂಫರ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಗಣಪತಿ ಮೆರವಣಿಗೆಯ ಡಿಜೆ, ಇಲ್ಲಾಂದ್ರೆ ಸಿಗ್ನಲ್‌ನಲ್ಲಿ ಗಾಜು ನಡುಗಿಸುತ್ತಾ ನಿಲ್ಲೋ ಕಾರು. ನಜರ್‌ಬಾದಿನ ನಮ್ಮ ಮನೆಗೆ ಅದು ಬಂದಿದ್ದು ಮಾತ್ರ ವೀಣೆಗಾಗಿ.

ಅಮ್ಮ ಬಹಳ ವರ್ಷ ವೀಣೆ ನುಡಿಸಿದವರು. ಈಗ ಬೆರಳಿನ ಗಂಟುಗಳಲ್ಲಿ ನೋವು. ವೀಣೆ ಗವಸು ಹೊದ್ದು ಮೂಲೆಯಲ್ಲಿದೆ, ಅವರಿಗೆ ಉಳಿದಿರೋದು ಕೇಳೋದೊಂದೇ. 4 ಇಂಚಿನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ದೊರೆಸ್ವಾಮಿ ಅಯ್ಯಂಗಾರರ ತಾನ ಹಾಕಿದಾಗ ಅಮ್ಮ ಕೇಳಿ, "ಚೆನ್ನಾಗಿದೆ ಕಣೋ, ಆದ್ರೆ ಕೆಳಗಿನ ತಂತಿಗೆ ಹೊಟ್ಟೆನೇ ಇಲ್ವಲ್ಲ" ಅಂದರು.

ಅವರು ಹೇಳಿದ್ದು ಲೆಕ್ಕಕ್ಕೂ ಸರಿ. ವೀಣೆಯಲ್ಲಿ ನುಡಿಸೋ ತಂತಿ ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಸಾಮಾನ್ಯ ಶ್ರುತಿಯಲ್ಲಿ ಅನುಮಂದ್ರದ ತಂತಿ ಬಿಡಿಯಾಗಿ ಮೀಟಿದರೆ ಸುಮಾರು 60 ಹರ್ಟ್ಝ್. ಸಿನಿಮಾ ಹಾಡಿನ ಬೇಸ್ ಗಿಟಾರ್ ಇನ್ನೂ ಕೆಳಗೆ, 41ರವರೆಗೆ ಇಳಿಯುತ್ತೆ. ಆದರೆ ಅಂಗೈಯಗಲದ ವೂಫರ್ 80ರ ಆಸುಪಾಸಿನಲ್ಲೇ ಸುಸ್ತಾಗುತ್ತೆ. ಹಾಗಂತ ಸ್ವರವೇ ಕಾಣೆಯಾಗಲ್ಲ. ಅದರ ಮೇಲಿನ ಅನುಸ್ವರಗಳನ್ನು ಹಿಡಿದು ನಮ್ಮ ಮಿದುಳು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತೆ. ರಾಗ ಗೊತ್ತಾಗುತ್ತೆ, ತೂಕ ಮಾತ್ರ ಇರಲ್ಲ.

ದೊಡ್ಡ ಸ್ಪೀಕರ್ ಇಡೋಕೆ 10 ಅಡಿಗೆ 12 ಅಡಿಯ ನಮ್ಮ ಹಾಲಿನಲ್ಲಿ ಜಾಗ ಇಲ್ಲ. ಹಾಗಾಗಿ 8 ಇಂಚಿನ, ತನ್ನದೇ ಆಂಪ್ಲಿಫೈಯರ್ ಇರೋ ಸಬ್‌ವೂಫರ್ ತಂದೆ. ನಿಮ್ಮ ಮನೆಗೂ ತರೋ ಯೋಚನೆ ಇದ್ದರೆ ಮೂರು ವಿಷಯ ಗಮನಿಸಿ.

ಮೊದಲನೆಯದು ಜಾಗ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತೆ. 47 ಹರ್ಟ್ಝ್ ಅಲೆಯ ಉದ್ದ ಏಳೂಕಾಲು ಮೀಟರಿಗೂ ಹೆಚ್ಚು, ಅಂದರೆ ಅರ್ಧ ಅಲೆ ಸರಿಯಾಗಿ ನಮ್ಮ 12 ಅಡಿ ಗೋಡೆಯಷ್ಟು. ಅಂಥ ಸ್ವರ ಎರಡು ಗೋಡೆಗಳ ನಡುವೆ ನಿಂತುಬಿಡುತ್ತೆ. ಗೋಡೆ ಹತ್ತಿರ ಗುಂಯ್ ಅನ್ನುತ್ತೆ, ಕೋಣೆಯ ನಟ್ಟನಡುವೆ ಮಾಯವಾಗುತ್ತೆ. ಇದನ್ನು ಯಾವ ನಾಬ್ ತಿರುಗಿಸಿದರೂ ಸರಿಮಾಡೋಕಾಗಲ್ಲ, ಕುರ್ಚಿ ಸರಿಸಬೇಕು ಅಷ್ಟೇ. ಸಬ್‌ಗೆ ಜಾಗ ಹುಡುಕೋಕೆ ಒಂದು ಹಳೇ ಉಪಾಯ ಇದೆ. ನೀವು ಕೂರೋ ಕುರ್ಚಿ ಮೇಲೆ ಸಬ್ ಇಟ್ಟು, ಮಂದ್ರ ಸ್ವರ ಹೆಚ್ಚಿರೋ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಸ್ವರಗಳೆಲ್ಲ ಒಂದೇ ಸಮ ಕೇಳುತ್ತವೋ ಅಲ್ಲಿ ಸಬ್ ಇಡಿ. ಮೂವತ್ತು ವರ್ಷದ ಮಗ ರೆಡ್‌ಆಕ್ಸೈಡ್ ನೆಲದ ಮೇಲೆ ತೆವಳೋದನ್ನು ನೋಡಿ ಅಮ್ಮ ನಕ್ಕಿದ್ದೇ ನಕ್ಕಿದ್ದು.

ಎರಡನೆಯದು ಹೊಂದಾಣಿಕೆ. ಕ್ರಾಸ್‌ಓವರ್ ನಾಬನ್ನು 80ರಿಂದ ಶುರು ಮಾಡಿ. ಅದಕ್ಕಿಂತ ತುಂಬಾ ಮೇಲೇರಿಸಿದರೆ ಶಬ್ದ ಯಾವ ಮೂಲೆಯಿಂದ ಬರ್ತಿದೆ ಅಂತ ಕಿವಿ ಕಂಡುಹಿಡಿದುಬಿಡುತ್ತೆ. ಆಮೇಲೆ ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಇಟ್ಟು ಕೇಳಿ. ಎರಡರಲ್ಲಿ ಯಾವುದು ತುಂಬಿಕೊಂಡು ಕೇಳುತ್ತೋ ಅದನ್ನೇ ಉಳಿಸಿಕೊಳ್ಳಿ.

ಮೂರನೆಯದು ವಾಲ್ಯೂಮ್. ಸಬ್ ಇದೆ ಅಂತ ಗೊತ್ತಾಗಬಾರದು, ಆಫ್ ಮಾಡಿದಾಗ ಏನೋ ಕಳೆದುಹೋದ ಹಾಗೆ ಅನ್ನಿಸಬೇಕು. ಅದೇ ಅಳತೆ. ಅಮ್ಮನಿಗೆ ಹೇಳದೆ ಒಮ್ಮೆ ಆನ್, ಒಮ್ಮೆ ಆಫ್ ಮಾಡಿ ನೋಡಿದೆ. ಪ್ರತಿ ಸಲವೂ ಸರಿಯಾಗಿ ಹೇಳಿದರು. ಅವರ ಬಲಗೈ ಬೆರಳು ಮಾತ್ರ ತೊಡೆ ಮೇಲೆ ತಾನೇ ಮೀಟ್ತಾ ಇತ್ತು.

ಇಷ್ಟೆಲ್ಲ ಆದ ಮೇಲೂ ಪಕ್ಕದ ಮನೆಯ ವಿಚಾರ ಉಳಿದಿತ್ತು. ನಮಗೂ ಅವರಿಗೂ ನಡುವೆ ಒಂದೇ ಗೋಡೆ, ಆ ಕಡೆ ಎಂಬತ್ತು ದಾಟಿದ ಅಜ್ಜಿಯ ಮಂಚ. ತೀಕ್ಷ್ಣ ಶಬ್ದವನ್ನು ಇಟ್ಟಿಗೆ ಗೋಡೆ ಚೆನ್ನಾಗಿ ತಡೆಯುತ್ತೆ, ಆದರೆ ಮಂದ್ರ ಅಷ್ಟು ಸುಲಭವಾಗಿ ನಿಲ್ಲಲ್ಲ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ಅಳೆಯೋ ಮಾಪಕ ನಮ್ಮ ಕಿವಿಯಂತೆಯೇ ಕೆಳಗಿನ ಸ್ವರವನ್ನು ಕಡಿಮೆ ಎಣಿಸುತ್ತೆ. ಅಜ್ಜಿಯ ಮಂಚ ಹಾಗೆ ಎಣಿಸಲ್ವಲ್ಲ!

ಹಾಗಾಗಿ ಅಮ್ಮನ ಕೈಗೆ ರಿಮೋಟ್ ಕೊಟ್ಟು, ನಾನೇ ಪಕ್ಕದ ಮನೆಗೆ ಹೋಗಿ ಅಜ್ಜಿಯ ಮಂಚದ ಮೇಲೆ ಕೂತು ಕೇಳಿದೆ. ಹಾಡು ಕೇಳಿಸಲಿಲ್ಲ, ಸಣ್ಣಗೆ ಒಂದು ಗುಂಯ್‌ಗುಟ್ಟುವಿಕೆ ಇತ್ತು. ಅದು ಹಾಡಿಗಿಂತ ಹಿಂಸೆ. ಸಬ್ಬನ್ನು ಎದುರು ಗೋಡೆಗೆ ಸಾಗಿಸಿದೆ. ಅಲ್ಲಿ ಸ್ವರಗಳು ಮೊದಲಿನಷ್ಟು ಸಮ ಇಲ್ಲ, ಅಮ್ಮನ ಕುರ್ಚಿಯನ್ನೂ ಒಂದೂವರೆ ಅಡಿ ಹಿಂದಕ್ಕೆ ಹಾಕಬೇಕಾಯ್ತು. ಅಡಿಗೆ ಇಟ್ಟ ರಬ್ಬರ್ ಪ್ಯಾಡಿನಿಂದ ನೆಲದ ಅದುರು ಕಡಿಮೆಯಾಯ್ತು. ಗಾಳಿಯಲ್ಲಿ ಹೋಗೋ ಶಬ್ದಕ್ಕೆ ಪ್ಯಾಡ್ ಏನೂ ಮಾಡಲ್ಲ. ವಾಲ್ಯೂಮ್ ಇಳಿಸೋದೇ ಅದಕ್ಕೆ ಮದ್ದು.

ಈಗ ರಾತ್ರಿ ಎಂಟೂವರೆಗೆ ಸಬ್ ಆಫ್. ಅಜ್ಜಿ ಬೇಗ ಮಲಗುತ್ತಾರೆ. ಸಂಜೆ ಆರರಿಂದ ಎಂಟೂವರೆವರೆಗಿನ ಹೊತ್ತು ಅಮ್ಮನದು. ಕೆಲವು ದಿನ ಅಜ್ಜಿಯೂ ಬಂದು ಅವರ ಪಕ್ಕ ಕೂರ್ತಾರೆ. ನೀವು ಸಬ್ ತಂದರೆ ಕೈಪಿಡಿ ಓದುವ ಮುಂಚೆ ಪಕ್ಕದ ಮನೆಯವರು ಎಷ್ಟು ಗಂಟೆಗೆ ಮಲಗ್ತಾರೆ ಅಂತ ಒಂದು ಮಾತು ಕೇಳಿಬಿಡಿ.