ತೋನ್ಸೆಪಾರ್: ರಜೆಯಲ್ಲಿ ನೋಡತಕ್ಕ ಒಂದು ದ್ವೀಪ

ಪುಣೆಯಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ರಜೆಯೆಂದರೆ ಊರು. ಊರೆಂದರೆ ಅಜ್ಜ ಅಜ್ಜಿಯರ ಮನೆ. ಶಾಲೆಗೆ ಸೂಟಿ ಬಿದ್ದೊಡನೆ ವಿಜಯಪುರ, ಬಾಗಲಕೋಟೆ, ಕಲಬುರ್ಗಿಗಳ ಕಡೆಯವರು ಒಂದು ದಿಕ್ಕಿಗೂ ಉಡುಪಿ, ಕುಂದಾಪುರಗಳ ಕಡೆಯವರು ಇನ್ನೊಂದು ದಿಕ್ಕಿಗೂ ಗಂಟುಮೂಟೆ ಕಟ್ಟುವರು. ಹೀಗಾಗಿ ಒಂದೇ ಬೆಂಚಿನ ಮೇಲೆ ಕುಳಿತು ಓದುವ ಇಬ್ಬರು ಮಕ್ಕಳಲ್ಲಿ ಒಬ್ಬನು ಎರೆಹೊಲವನ್ನು ಬಲ್ಲನು, ಕಡಲನ್ನು ಕಂಡಿಲ್ಲ. ಮತ್ತೊಬ್ಬನಿಗೆ ಕಡಲು ಮನೆಯಂಗಳ, ಎರೆಹೊಲವು ಪಾಠದ ಪುಸ್ತಕದ ಮಾತು. ಈ ಇಬ್ಬರನ್ನೂ ಅವರ ತಾಯಿತಂದೆಗಳೊಡನೆ ಒಂದೇ ಕಡೆಗೆ ಕರೆದೊಯ್ಯಬೇಕೆಂದರೆ ಎಲ್ಲಿಗೆ ಹೋಗಬಹುದು? ಮಲ್ಪೆಯ ಕಡಲಿನಲ್ಲಿರುವ ಒಂದು ಪುಟ್ಟ ದ್ವೀಪವನ್ನು ನಾವು ಸೂಚಿಸುತ್ತೇವೆ. ಅಲ್ಲಿಗೆ ಬಂದ ಎರೆಹೊಲದ ಹುಡುಗನು ತನ್ನ ಊರಿನ ಗುರುತನ್ನೂ ಕಾಣುವನು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ಉಡುಪಿಯಿಂದ ಪಡುವಣಕ್ಕೆ ಸ್ವಲ್ಪ ದೂರದಲ್ಲಿ ಮಲ್ಪೆ ಇದೆ. ಕರ್ನಾಟಕದ ದೊಡ್ಡ ಮೀನುಗಾರಿಕೆಯ ಬಂದರುಗಳಲ್ಲಿ ಇದೊಂದು. ಅಲ್ಲಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಸಾಲುಗಟ್ಟಿದ ದ್ವೀಪಗಳಿವೆ. ಅವುಗಳಲ್ಲಿ ಮುಖ್ಯವಾದುವು ನಾಲ್ಕು. ದೋಣಿಗಳು ಪ್ರವಾಸಿಗರನ್ನು ಇಳಿಸುವುದು ತೆಂಗಿನ ದ್ವೀಪವೆಂಬ ಒಂದರಲ್ಲಿ ಮಾತ್ರ. ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ಸುಮಾರು 100 ಮೀಟರು. ನೀರಿನ ಮಟ್ಟದಿಂದ ಅದರ ಅತ್ಯುನ್ನತ ಭಾಗದ ಎತ್ತರ ಸುಮಾರು 10 ಮೀಟರು. ನಮ್ಮ ಕ್ಯಾಂಪಿನ ಮಹಾತ್ಮಾ ಗಾಂಧಿ ರಸ್ತೆಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯನ್ನು ಮುಟ್ಟುವಷ್ಟರಲ್ಲಿ ಈ ದ್ವೀಪವನ್ನು ಉದ್ದಕ್ಕೂ ನಡೆದು ಮುಗಿಸಬಹುದು. ಅಲ್ಲಿ ಮನೆಗಳಿಲ್ಲ, ಒಕ್ಕಲಿಲ್ಲ. ತೆಂಗಿನ ಮರಗಳು, ಕಲ್ಲು, ನೀರು, ಹಕ್ಕಿಗಳು, ಇಷ್ಟೇ.

ಹೊರಗಿನವರು ಇವನ್ನು ಸೇಂಟ್ ಮೇರೀಸ್ ದ್ವೀಪಗಳೆಂದು ಕರೆಯುವರು. ಪೋರ್ಚುಗಲ್ಲಿನ ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿ ಒಂದು ಕಂಬವನ್ನು ನೆಟ್ಟು ಅದಕ್ಕೆ ಸಾಂತಾ ಮಾರಿಯಾ ಎಂಬ ಹೆಸರನ್ನಿಟ್ಟನೆಂಬುದು ಇದಕ್ಕೆ ಕಾರಣ. ಕೋಳಿಕೋಡಿಗೆ ಹೋಗುವಾಗ ಇಲ್ಲಿ ಇಳಿದನೆಂದು ಜನರು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅವನು ಮೇ ತಿಂಗಳಲ್ಲಿ ಕೋಳಿಕೋಡಿನ ಬಳಿಗೆ ಬಂದು, ಆಗಸ್ಟಿನ ಕೊನೆಯಲ್ಲಿ ಅಲ್ಲಿಂದ ಹೊರಟು, ಕರಾವಳಿಯನ್ನು ಹಿಡಿದು ಬಡಗಣಕ್ಕೆ ಮರಳುತ್ತಿದ್ದಾಗ ಸೆಪ್ಟೆಂಬರಿನಲ್ಲಿ ಈ ಕಂಬವನ್ನು ನೆಡಿಸಿದನು. ಅನಂತರ ಕಾರವಾರದ ಬಳಿಯ ಅಂಜದೀವಕ್ಕೆ ಹೋದನು. ಊರಿನವರು ಹೇಳುವ ಹೆಸರು ತೋನ್ಸೆಪಾರ್. ತೋನ್ಸೆಯು ಮಲ್ಪೆಯ ಬಡಗಣ ದಿಕ್ಕಿನ ಊರು; ಪಾರೆಯೆಂದರೆ ಬಂಡೆ. ಬಂದು ಹೋದ ನಾವಿಕನು ಕೊಟ್ಟ ಹೆಸರಿಗಿಂತ, ದಿನವೂ ಅದರ ಪಕ್ಕದಲ್ಲಿ ಬಲೆ ಬೀಸುವವರು ಕೊಟ್ಟ ಹೆಸರೇ ನಮಗೆ ಹೆಚ್ಚು ಹಿತವಾಗಿ ತೋರುತ್ತದೆ. ಅದು ನಿಜವನ್ನೂ ಹೇಳುತ್ತದೆ. ಏಕೆಂದರೆ ಈ ದ್ವೀಪದ ಹಿರಿಮೆಯೆಲ್ಲ ಅದರ ಬಂಡೆಯಲ್ಲಿದೆ.

ದೋಣಿಯಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಶಿಲ್ಪಿಗಳು ಕಡೆದು ಒತ್ತೊತ್ತಾಗಿ ಜೋಡಿಸಿಟ್ಟಂತಿರುವ ಕಲ್ಲಿನ ಕಂಬಗಳು. ಕೆಲವು ನೆಟ್ಟಗೆ ನಿಂತಿವೆ, ಕೆಲವು ಓರೆಯಾಗಿವೆ, ಕೆಲವು ಮುರಿದು ಮೆಟ್ಟಿಲುಗಳಂತೆ ತೋರುತ್ತವೆ. ಮೇಲಿನಿಂದ ನೋಡಿದರೆ ಒಂದೊಂದರ ತಲೆಯೂ ಒಂದು ರೇಖಾಗಣಿತದ ಆಕೃತಿ. ಐದು ಮೂಲೆಯವು ಇವೆ, ಏಳು ಮೂಲೆಯವು ಇವೆ. ಆರು ಮೂಲೆಯವೇ ಹೆಚ್ಚು. ಇವನ್ನು ಯಾವ ಉಳಿಯೂ ಮುಟ್ಟಿಲ್ಲ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಇವು ಆದ ಬಗೆಯನ್ನು ಎರೆಭೂಮಿಯ ಮಕ್ಕಳು ಬೇಗನೆ ತಿಳಿಯಬಲ್ಲರು. ವಿಜಯಪುರದ ಸೀಮೆಯಲ್ಲಿ ಚೈತ್ರ ವೈಶಾಖಗಳಲ್ಲಿ ಹೊಲವು ಬಿರಿಯುವುದನ್ನು ಅವರು ನೋಡಿಯೇ ಇರುತ್ತಾರೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಮಣ್ಣು ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊಲವೆಲ್ಲವೂ ಒಟ್ಟಾಗಿ ಒಂದು ಕಡೆಗೆ ಸರಿದು ಕುಗ್ಗುವಂತಿಲ್ಲ. ಸುತ್ತಲಿನ ಮಣ್ಣು ಅದನ್ನು ಹಿಡಿದಿರುತ್ತದೆ. ಆದುದರಿಂದ ಅದು ತುಂಡುತುಂಡಾಗಿ ಬಿರಿಯಲೇಬೇಕು. ನೀರಾರಿದ ಕೆರೆಯಂಗಳದಲ್ಲಿ ಹೆಂಚು ಹಾಸಿದಂತೆ ಕಾಣುವ ತುಂಡುಗಳೂ ಹೀಗೆಯೇ ಆದುವು.

ತೋನ್ಸೆಪಾರಿನಲ್ಲಿ ಮಣ್ಣಿನ ಬದಲು ಕರಗಿದ ಕಲ್ಲು ಇತ್ತು. ಒಣಗುವಿಕೆಯ ಬದಲು ಆರುವಿಕೆ ನಡೆಯಿತು. ಭೂಮಿಯ ಒಡಲಿನಿಂದ ಹೊರಬಿದ್ದ ಲಾವಾರಸವು ಹರಡಿದಾಗ, ಗಾಳಿಗೆ ತೆರೆದ ಮೇಲ್ಮೈ ಮೊದಲು ಆರಿ ಗಟ್ಟಿಯಾಗುತ್ತದೆ. ಆರಿದ ಕಲ್ಲು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬಿರಿಯುವಿಕೆಯು ಎಲ್ಲ ಕಡೆಯಲ್ಲಿಯೂ ಸಮನಾಗಿ ನಡೆದರೆ, ಒಂದು ಬಿಂದುವಿನಿಂದ ಮೂರು ಬಿರುಕುಗಳು ಸರಿಸುಮಾರು 120 ಅಂಶಗಳ ಕೋನಗಳಲ್ಲಿ ಕವಲೊಡೆಯುತ್ತವೆ. ಅಂತಹ ಕವಲುಗಳು ಒಂದನ್ನೊಂದು ಕೂಡಿದಾಗ ಆರು ಮೂಲೆಯ ಆಕೃತಿ ತಾನಾಗಿ ಮೂಡುತ್ತದೆ. ಜೇನುಹುಟ್ಟಿನ ಕೋಣೆಗಳನ್ನು ನೆನೆದರೆ ಸಾಕು. ನಡುವೆ ಜಾಗ ಬಿಡದೆ, ಕಡಿಮೆ ಗೋಡೆಯಲ್ಲಿ ಹೆಚ್ಚು ನೆಲವನ್ನು ತುಂಬುವ ಆಕೃತಿ ಅದು. ಮುಂದೆ ಶಾಖವು ಒಳಗೊಳಗೆ ಇಳಿಮುಖವಾದಂತೆ ಮೇಲಿನ ಬಿರುಕುಗಳೂ ಅದನ್ನು ಹಿಂಬಾಲಿಸಿ ಕೆಳಕ್ಕೆ ಇಳಿಯುತ್ತವೆ. ಮೇಲ್ಮೈಯ ಗೆರೆಯು ಹೀಗೆ ಆಳಕ್ಕೆ ಇಳಿದುದೇ ಕಂಬವಾಯಿತು. ಎರೆಹೊಲದ ಬಿರುಕು ಮುಂದಿನ ಮಳೆಗೆ ಮುಚ್ಚಿಹೋಗುವುದು; ಕಲ್ಲಿನ ಬಿರುಕು ಕೋಟಿ ವರ್ಷಗಳಾದರೂ ಹಾಗೆಯೇ ನಿಲ್ಲುವುದು.

ಇದು ನಡೆದುದು ಸುಮಾರು 8 ಕೋಟಿ 50 ಲಕ್ಷದಿಂದ 8 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಆಗ ಭಾರತವು ಏಷ್ಯಾಖಂಡವನ್ನು ಸೇರಿರಲಿಲ್ಲ. ಇಂದು ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರವು ನಮ್ಮ ಪಶ್ಚಿಮ ತೀರಕ್ಕೆ ಅಂಟಿಕೊಂಡಿದ್ದಿತು. ಎರಡೂ ಸೀಳಿ ಬೇರೆಯಾಗುವ ಕಾಲದಲ್ಲಿ ಹೊರಬಂದ ಲಾವಾರಸವೇ ತೋನ್ಸೆಪಾರಿನ ಕಂಬಗಳಾಗಿವೆಯೆಂದು ಭೂವಿಜ್ಞಾನಿಗಳು ವಿವರಿಸುವರು. ಹೆಚ್ಚುಕಡಿಮೆ ಅದೇ ವಯಸ್ಸಿನ ಜ್ವಾಲಾಮುಖಿಯ ಶಿಲೆಗಳು ಮಡಗಾಸ್ಕರದಲ್ಲಿಯೂ ಇವೆ. ಈಗ ಆ ನಾಡಿಗೂ ಮಲ್ಪೆಗೂ ನಡುವೆ ಸುಮಾರು 4000 ಕಿಲೋಮೀಟರುಗಳ ನೀರು. ದಡದಲ್ಲಿ ನಿಂತು ನೈಋತ್ಯಕ್ಕೆ ಮುಖಮಾಡಿದ ಮಗುವಿಗೆ, ಹಿಂದೊಮ್ಮೆ ಆ ಕಡೆಗೆ ಕಡಲಿರಲಿಲ್ಲ, ನೆಲವಿತ್ತು ಎಂದು ಹೇಳಿ ನೋಡಿರಿ. ಭೂಗೋಳದ ಹತ್ತು ಪಾಠಗಳು ಮಾಡದ ಕೆಲಸವನ್ನು ಆ ಒಂದು ಮಾತು ಮಾಡುವುದು.

ಪುಣೆಯ ಕಲ್ಲು ಇದಕ್ಕಿಂತ ಕಿರಿಯದು. ನಮ್ಮ ಮನೆಗಳ ತಳಹದಿಗೆ ಬಿದ್ದ ಕರಿಕಲ್ಲು, ಪಾತಾಳೇಶ್ವರದ ಗುಹಾಲಯವನ್ನು ಕಡೆದ ಬಂಡೆ, ಕಾತ್ರಜ್ ಘಟ್ಟದಲ್ಲಿ ಪದರುಪದರಾಗಿ ಕಾಣುವ ಗುಡ್ಡ, ಇವೆಲ್ಲವೂ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ದಖ್ಖನದ ಲಾವಾ. ಅದು ತೆಳುವಾದ ರಸವಾದುದರಿಂದ ಬಹುದೂರ ಹರಡಿತು. ಮಲ್ಪೆಯದು ಸಿಲಿಕಾಂಶ ಹೆಚ್ಚಿದ, ಗಟ್ಟಿಯಾದ ರಸ. ಪುಣೆಯ ಖಡಿಯಂತ್ರಗಳಲ್ಲಿಯೂ ಕಟ್ಟಡಗಳಲ್ಲಿಯೂ ದುಡಿದ ನಮ್ಮ ಮಕ್ಕಳ ತಂದೆತಾಯಿಗಳು ಈ ಕರಿಕಲ್ಲನ್ನು ಕೈಯಾರೆ ಬಲ್ಲವರು. ಊರಿನ ಎರೆಮಣ್ಣು ಕೂಡ ಇದೇ ಕಲ್ಲು ಸವೆದು ಆದುದು. ಹೀಗೆ ನೋಡಿದರೆ ಅವರು ಹೊಲದಲ್ಲಿ ಉತ್ತುದೂ ಪುಣೆಯಲ್ಲಿ ಒಡೆದುದೂ ಒಂದೇ ಪದಾರ್ಥ. ದಖ್ಖನದ ಲಾವಾದಲ್ಲಿಯೂ ಕಂಬಗಳು ಉಂಟು. ಮುಂಬಯಿಯ ಅಂಧೇರಿಯಲ್ಲಿ, ಮನೆಗಳ ನಡುವೆ ಸುಮಾರು 60 ಮೀಟರು ಎತ್ತರಕ್ಕೆ ನಿಂತಿರುವ ಗಿಲ್ಬರ್ಟ್ ಗುಡ್ಡವು ಅಂತಹುದು. ಐರ್ಲೆಂಡಿನ ಬಡಗಣ ಕರೆಯಲ್ಲಿ ಇಂತಹ ಸುಮಾರು 40,000 ಕಂಬಗಳಿವೆ; ರಾಕ್ಷಸನೊಬ್ಬನು ಕಡಲಿಗೆ ಕಟ್ಟಿದ ಹಾದಿಯೆಂದು ಅಲ್ಲಿಯ ಜನರು ಕಥೆ ಕಟ್ಟಿದ್ದಾರೆ. ಸೇತುವೆಯ ಕಥೆಯನ್ನು ಬಲ್ಲ ನಮಗೆ ಅದು ಹೊಸತೆನಿಸದು.

ಕಲ್ಲಿನ ಮಾತು ಚಿಕ್ಕ ಮಕ್ಕಳಿಗೆ ಬೇಡವಾದರೆ ಚಿಪ್ಪುಗಳಿವೆ. ದ್ವೀಪದ ಕೆಲವು ಕಡೆಗಳಲ್ಲಿ ಮರಳಿಗಿಂತ ಕಪ್ಪೆಚಿಪ್ಪುಗಳ ಚೂರುಗಳೇ ಹೆಚ್ಚಾಗಿ ಹಾಸಿವೆ. ಕೆಂಪು ಬೆನ್ನಿನ, ಬಿಳಿಯ ತಲೆಯ ಗರುಡಪಕ್ಷಿಗಳು ನೀರಿನ ಮೇಲೆ ಸುತ್ತುವುದನ್ನು ಎಷ್ಟು ಹೊತ್ತಾದರೂ ನೋಡಬಹುದು. ಹಿರಿಯರಿಗೆ ತೆಂಗಿನ ನೆರಳು ಇದ್ದೇ ಇದೆ. ಬಂದರಿನಿಂದ ದ್ವೀಪಕ್ಕೆ ಹೋಗುವ ಅರ್ಧ ತಾಸಿನ ದೋಣಿಯ ಪಯಣವೇ ಅನೇಕರಿಗೆ ಮೊದಲ ಕಡಲಯಾನ. ದಡದ ಬಳಿ ಬಂಡೆಗಳಿರುವುದರಿಂದ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿಸಿ ಕರೆದೊಯ್ಯುವುದುಂಟು. ಆಗ ಅಜ್ಜಿಯಂದಿರ ಕೈಯನ್ನು ಇಬ್ಬರು ಹಿಡಿಯುವುದು ಲೇಸು.

ಈಗ ಮುಖ್ಯವಾದ ಒಂದು ಮಾತು. ಇಲ್ಲಿಯ ನೀರು ನೋಡುವುದಕ್ಕೆ ತಿಳಿಯಾಗಿಯೂ ಶಾಂತವಾಗಿಯೂ ಇರುತ್ತದೆ, ನಂಬತಕ್ಕುದಲ್ಲ. ಬಂಡೆಗಳ ಅಂಚಿನಲ್ಲಿ ನೆಲವು ಒಮ್ಮೆಲೇ ಆಳಕ್ಕೆ ಇಳಿಯುತ್ತದೆ. ಅಲೆ ತಾಗುವ ಕಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಇಲ್ಲಿಯೇ ನೀರುಪಾಲಾದರು. ಅವರು ಕಡಲನ್ನು ಕಾಣದ ನಾಡಿನವರಲ್ಲ. ಕೃಷ್ಣೆ ಭೀಮೆಗಳಲ್ಲಿ ಈಜಿದವರು ತಮಗೆ ಈಜು ಬರುವುದೆಂಬ ಧೈರ್ಯದಿಂದ ಇಲ್ಲಿ ಇಳಿಯಬಾರದು. ಹೊಳೆಯ ಸೆಳೆತವು ಒಂದೇ ಕಡೆಗೆ. ಕಡಲಿನ ಅಲೆಯು ದಡಕ್ಕೆ ತಳ್ಳಿ, ಮರುಗಳಿಗೆಯೇ ಕಾಲಿನಡಿಯ ಮರಳನ್ನು ಸಹ ಹಿಂದಕ್ಕೆ ಎಳೆದುಕೊಳ್ಳುವುದು. ಕಾವಲಿನವರು ತೋರಿಸಿದ ಎಡೆಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಆಡಿದರೆ ಸಾಕಷ್ಟು ಸಂತೋಷವಾಗುವುದು. ಫೋಟೋಕ್ಕಾಗಿ ಕಂಬಗಳ ತುದಿಗೆ ಹತ್ತುವ ಹುಚ್ಚನ್ನು ತಾಯಿತಂದೆಗಳೇ ತಡೆಯಬೇಕು. ಇದರಲ್ಲಿ ಮಕ್ಕಳಿಗಿಂತ ದೊಡ್ಡವರೇ ಮುಂದಾಗಿರುವುದನ್ನು ನಾವು ನೋಡಿದ್ದೇವೆ.

ಹೋಗುವ ಕಾಲವನ್ನೂ ಯೋಚಿಸಿ ಆರಿಸಬೇಕು. ನಮ್ಮ ಬೇಸಗೆಯ ಸೂಟಿಯು ಜೂನ್ ನಡುವಿನವರೆಗೆ ಇರುವುದರಿಂದ, ಮೊದಲು ಊರಿಗೆ ಹೋಗಿ ಮೇ ಕೊನೆಯಲ್ಲಿ ಕಡಲಿಗೆ ಹೋಗೋಣವೆಂದು ಅನೇಕರು ಎಣಿಸುವರು. ಅಷ್ಟರಲ್ಲಿ ಅಲ್ಲಿ ಮುಂಗಾರಿನ ಮೋಡ ಕಟ್ಟಿ ದೋಣಿಗಳು ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವುಂಟು. ದ್ವೀಪದ ದೋಣಿಗಳು ಮತ್ತೆ ಹೊರಡಬೇಕಾದರೆ ಮಳೆಗಾಲವು ಹಿಂದಾಗಬೇಕು. ನಮ್ಮ ಅಭಿಪ್ರಾಯದಲ್ಲಿ ದೀಪಾವಳಿಯ ಸೂಟಿಯೇ ಎಲ್ಲಕ್ಕಿಂತ ತಕ್ಕುದು. ಆಗ ಬಿಸಿಲು ಹಿತ, ಕಡಲು ಶಾಂತ. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ತಿಯಾದಂದಿನಿಂದ ಪನ್ವೇಲಿನ ಕಡೆಯಿಂದ ಉಡುಪಿಗೆ ನೇರವಾಗಿ ಹೋಗಬಹುದು. ರಸ್ತೆಯಿಂದ ಹೋಗುವವರು ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅಂಕೋಲೆಯಲ್ಲಿ ಕರಾವಳಿಗೆ ಇಳಿಯುವರು. ಘಟ್ಟದ ಕಾಡನ್ನು ನೋಡುವ ಲಾಭ ಅವರದು. ಉಡುಪಿಯ ಕೃಷ್ಣದರ್ಶನವನ್ನೂ ಮಲ್ಪೆಯ ವಡಭಾಂಡೇಶ್ವರದ ಬಲರಾಮದರ್ಶನವನ್ನೂ ಮುಗಿಸಿ, ಇನ್ನೊಂದು ದಿನ ಉಳಿದರೆ ತೆಂಕಣಕ್ಕೆ ಕಾಪುವಿಗೆ ಹೋಗಿ 1901ರ ದೀಪಸ್ತಂಭವನ್ನು ಕಾಣಬಹುದು.

ದ್ವೀಪಕ್ಕೆ ಪ್ಲಾಸ್ಟಿಕ್ ಚೀಲಗಳನ್ನು ಒಯ್ಯದೆ, ಕುಡಿಯುವ ನೀರನ್ನು ಮನೆಯ ತಂಬಿಗೆ, ಬಾಟಲಿಗಳಲ್ಲಿಯೇ ತುಂಬಿಕೊಳ್ಳಬೇಕು. ಕಂಬದ ಚೂರನ್ನು ನೆನಪಿಗೆಂದು ಎತ್ತಿ ಚೀಲಕ್ಕೆ ಹಾಕುವವರಿದ್ದಾರೆ. ಅದನ್ನು ಯಾರೂ ಮಾಡಬಾರದು. ನಮ್ಮ ವಿದ್ಯಾರ್ಥಿಗಳು ಒಂದು ನೋಟುಬುಕ್ಕನ್ನು ಒಯ್ದು, ಇಪ್ಪತ್ತು ಕಂಬಗಳ ಮೂಲೆಗಳನ್ನು ಎಣಿಸಿ, ಐದು ಎಷ್ಟು, ಆರು ಎಷ್ಟು, ಏಳು ಎಷ್ಟು ಎಂದು ಬರೆದು ತಂದರೆ ತರಗತಿಯಲ್ಲಿ ಕೂಡಿಸಿ ನೋಡೋಣ. ರಾತ್ರಿ ಅಲ್ಲಿ ತಂಗುವಂತಿಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆಂಬುದನ್ನು ಇಳಿಯುವಾಗಲೇ ಅಂಬಿಗರನ್ನು ಕೇಳಿಟ್ಟುಕೊಂಡು, ಅರ್ಧ ತಾಸು ಮೊದಲೇ ಮಕ್ಕಳನ್ನೆಲ್ಲ ತೆಂಗಿನ ನೆರಳಿಗೆ ಕರೆದು ತಲೆ ಎಣಿಸಿಕೊಳ್ಳಿರಿ.